ಕುಂದಾದಲ್ಲಿ ಸಾಕ್ಷಿ ಹೇಳಿದ ಭಾನುವಾರ

ಮಸಿನಗುಡಿಯ ಅಡ್ಡದಾರಿ

ನಮ್ಮಮ್ಮನ ಲೆಕ್ಕದಲ್ಲಿ ಗುಂಡ್ಲುಪೇಟೆ ದಾಟಿದರೆ ಪರದೇಶ. ಬಂಡೀಪುರದ ಕಾಡಿನ ಆಚೆಯವರ ನೀರು ಬೇರೆ, ಗಾಳಿ ಬೇರೆ. ಅಲ್ಲಿಗೆ ಹೋಗುವವರು ಮನೆಯ ಕಾದಾರಿದ ನೀರು, ಒಂದಿಷ್ಟು ಚಕ್ಕುಲಿ, ಒಂದು ನಿಂಬೆಹಣ್ಣು ಇಟ್ಟುಕೊಂಡೇ ಹೊರಡಬೇಕು. ತೊಂಬತ್ತರ ದಶಕದ ಕೊನೆಯ ಒಂದು ಜನವರಿಯಲ್ಲಿ ನಾನು ಉದಕಮಂಡಲಕ್ಕೆ ಹೊರಟಾಗ ಅಮ್ಮ ಈ ಮೂರನ್ನೂ ಕಟ್ಟಿ ಮೇಜಿನ ಮೇಲಿಟ್ಟಿದ್ದರು. ನಾನು ಮೂರನ್ನೂ ಮೇಜಿನ ಮೇಲೇ ಬಿಟ್ಟು ಬಂದೆ.

ಹೊರಟ ಕಾರಣ ಹೇಳಿಬಿಡುತ್ತೇನೆ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಹದಿನೆಂಟು ವರ್ಷದಿಂದ ನಾನು ಆಪ್ತ ಸಮಾಲೋಚಕಿ. ಮನಸ್ಸು ಕೆಟ್ಟವರ ಎದುರು ಕೂತು ಅವರ ಮಾತು ಕೇಳುವುದು ನನ್ನ ಕೆಲಸ. ಉದಕಮಂಡಲದ ಒಂದು ಕ್ರೈಸ್ತ ಸಭೆಯ ಹೆಂಗಸರು ತಮ್ಮೂರಲ್ಲೂ ಅಂಥ ಕೆಲಸ ಶುರು ಮಾಡಿದ್ದರು. ಪ್ರಾರ್ಥನೆಯನ್ನೂ ಸಮಾಲೋಚನೆಯನ್ನೂ ಹೇಗೆ ಒಟ್ಟಿಗೆ ನಡೆಸುವುದೆಂದು ಹತ್ತು ದಿನ ಹೇಳಿಕೊಡಿ ಎಂದು ಬರೆದಿದ್ದರು. ನಾನು ಕ್ರೈಸ್ತರ ಮನೆಯಲ್ಲೇ ಹುಟ್ಟಿದವಳು, ಭಾನುವಾರ ತಪ್ಪಿಸಿದವಳಲ್ಲ. ಆದರೆ ನನ್ನ ಕೋಣೆಯ ನಿಯಮವೇ ಬೇರೆ. ಅಲ್ಲಿ ನನ್ನ ದೇವರನ್ನು ಚಪ್ಪಲಿಯ ಜೊತೆ ಬಾಗಿಲ ಹೊರಗೆ ಬಿಡುತ್ತಿದ್ದೆ. ಎರಡನ್ನೂ ಜೋಡಿಸಬಾರದು ಎಂದು ಹತ್ತು ದಿನ ಹೇಳಿಕೊಟ್ಟು ಬರುತ್ತೇನೆ ಎಂದು ಮನಸ್ಸಿನಲ್ಲೇ ಪಣ ತೊಟ್ಟು ಬಸ್ಸು ಹತ್ತಿದೆ.

ಮೈಸೂರಿನ ಬಸ್ಸು ಗೂಡಲೂರಿನ ಮೇಲೆ ಸುತ್ತಿಕೊಂಡು ಹೋಗುತ್ತದೆ. ಪಕ್ಕದಲ್ಲಿ ಕೂತಿದ್ದ ತರಕಾರಿ ವ್ಯಾಪಾರಿಯೊಬ್ಬರು, "ತೆಪ್ಪಕಾಡಲ್ಲಿ ಇಳ್ಕಂಡು ಮಸಿನಗುಡಿ ಮ್ಯಾಲೆ ಹೋಗ್ಬುಡಿ ಕನಕ್ಕ, ಬ್ಯಾಗನೆ ಸೇರ್ಕತೀರಿ" ಅಂದರು. ಬೇಗ ಎಂದರೆ ನನಗೆ ಕಿವಿ ನೆಟ್ಟಗಾಗುತ್ತದೆ. ಇಳಿದೆ. ಮಸಿನಗುಡಿಯಲ್ಲಿ ಮುಂದಿನ ಬಸ್ಸಿಗೆ ಎರಡು ಗಂಟೆ ಕಾದೆ. ಅಷ್ಟರಲ್ಲಿ ನಾಲ್ಕು ಜನ ಜೀಪಿನವರು ಬಂದು ಆನೆ ನೋಡುತ್ತೀರಾ ಎಂದು ಕೇಳಿದರು. ಐದನೆಯವನು ನನ್ನ ಮುಖ ನೋಡಿ ಕೇಳದೆ ಹೋದ.

ಕಲ್ಲಟ್ಟಿ ಏರಿನಲ್ಲಿ ಮೂವತ್ತಾರು ತಿರುವು, ಪ್ರತಿಯೊಂದಕ್ಕೂ ನಂಬರಿನ ಬೋರ್ಡು. ಎಷ್ಟು ಉಳಿದಿದೆ ಎಂದು ತಿಳಿದಷ್ಟೂ ಹೊಟ್ಟೆ ಹೆಚ್ಚು ತೊಳಸುತ್ತದೆ ಎಂಬುದು ಬೋರ್ಡು ಹಾಕಿದವರಿಗೆ ಹೊಳೆದಿರಲಿಕ್ಕಿಲ್ಲ. ಹತ್ತನೆಯದಕ್ಕೆ ನಾನು ಕಿಟಕಿಗೆ ತಲೆ ಕೊಟ್ಟೆ. ಹಿಂದಿನ ಸೀಟಿನ ಹೆಂಗಸೊಬ್ಬಳು ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, ತಮಿಳಿನಲ್ಲಿ, ಬಸ್ಸಿಗೆಲ್ಲ ಕೇಳುವ ಹಾಗೆ ಪ್ರಾರ್ಥನೆ ಶುರು ಮಾಡಿದಳು. ಬೇಕೋ ಬೇಡವೋ ಎಂದು ಕೇಳಲಿಲ್ಲ, ನಾನು ಹೇಳುವ ಸ್ಥಿತಿಯಲ್ಲೂ ಇರಲಿಲ್ಲ. ಆಮೇನ್ ಎಂದಾದ ಮೇಲೆ ಕೈಗೊಂದು ನಿಂಬೆಹಣ್ಣು ಕೊಟ್ಟಳು. ಮೊದಲು ಹಣ್ಣು ಕೊಟ್ಟು ಆಮೇಲೆ ಪ್ರಾರ್ಥಿಸಬಾರದಿತ್ತೇ ತಾಯಿ ಎಂದುಕೊಂಡೆ.

ಉದಕಮಂಡಲ

ನನ್ನನ್ನು ಮನೆಯಲ್ಲಿ ಇಳಿಸಿಕೊಂಡವರು ಲಿಲ್ಲಿ ಟೀಚರ್. ನಿವೃತ್ತ ಶಾಲಾ ಶಿಕ್ಷಕಿ, ಕೇತಿ ಕಡೆಯ, ನೀಲಗಿರಿಯ ಬಡಗ ಜನಾಂಗದ ಕ್ರೈಸ್ತ ಮನೆತನ. "ಒಳ್ಳೆಂಗೆ ಇದ್ದಿಯಾ?" ಎಂದು ಕೈ ಹಿಡಿದರು. ಅರವತ್ತೈದು ದಾಟಿದ ಅವರಿಗೆ ಬಹುವಚನದ ಗೋಜಿಲ್ಲ. ಅವರ ಬಡಗ ಭಾಷೆ ನಮ್ಮ ಕನ್ನಡದ ದೊಡ್ಡಮ್ಮನ ಮಗಳು. ಒಳಗೆ ಕರೆದದ್ದು ಗೊತ್ತಾಗುತ್ತದೆ, ಒಳಗೆ ಏನು ಹೇಳಿದರೆಂದು ಗೊತ್ತಾಗುವುದಿಲ್ಲ. ನನಗಾಗಿ ಅವರು ಪಾಠ ಹೇಳುವ ಕನ್ನಡಕ್ಕೆ ಇಳಿಯುತ್ತಿದ್ದರು.

ಅಲ್ಲಿಯವರ ಅಭ್ಯಾಸಗಳು ನನಗೆ ಹಿಡಿಯಲು ಮೂರು ದಿನ ಬೇಕಾಯಿತು. ಕಾಲುಚೀಲ ಹಾಕಿಕೊಂಡೇ ಮಲಗುತ್ತಾರೆ. ಹಲ್ಲುಜ್ಜುವ ಮುಂಚೆ ಕಾಫಿ ಬರುತ್ತದೆ, ಬೇಡ ಎಂದರೆ ಜ್ವರವೇ ಎಂದು ಹಣೆ ಮುಟ್ಟುತ್ತಾರೆ. ರಾಗಿ ಹಿಟ್ಟು ನಮ್ಮದೇ, ಅವರೆ ಉದಕವೂ ನಮ್ಮ ಹಿತಕವರೆ ಸಾರಿನ ನೆಂಟನೇ. ಆದರೆ ಊಟಕ್ಕೆ ಪ್ರಾರ್ಥನೆ, ಬಾಗಿಲು ದಾಟಲು ಪ್ರಾರ್ಥನೆ, ತರಕಾರಿ ತರಲು ಪ್ರಾರ್ಥನೆ. ಗ್ಯಾಸ್ ಸಿಲಿಂಡರ್ ಬಂದಾಗಲೂ ಟೀಚರ್ ಎರಡು ಮಾತು ಸ್ತೋತ್ರ ಹೇಳಿದರು, ಸಿಲಿಂಡರ್ ಹೊತ್ತವನೂ ಟೋಪಿ ತೆಗೆದು ನಿಂತ.

ತರಗತಿಗೆ ಎಂಟು ಜನ ಹೆಂಗಸರು. ಮೊದಲ ದಿನವೇ ನಾನು ಬೋರ್ಡಿನ ಮೇಲೆ ಬರೆದೆ: ಎದುರಿಗಿದ್ದವರು ಕೇಳದೆ ಪ್ರಾರ್ಥಿಸಬಾರದು. ಕಾರಣವನ್ನೂ ಹೇಳಿದೆ. ಅಳುತ್ತಿರುವವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಶುರು ಮಾಡಿದರೆ ಅವಳ ಮಾತು ಅಲ್ಲಿಗೆ ನಿಂತುಹೋಗುತ್ತದೆ, ಬಹಳ ಸಲ ನಾವು ಪ್ರಾರ್ಥಿಸುವುದು ನಮಗೆ ಕೇಳಲು ಕಷ್ಟವಾದಾಗ. ಹೆಂಗಸರು ಬರೆದುಕೊಂಡರು. ನನ್ನ ಗಂಟಲು ಕಟ್ಟಿದ್ದನ್ನು ನೋಡಿ ಒಬ್ಬರು ಎದ್ದು, "ಮೇಡಂ ಗಂಟಲಿಗಾಗಿ ಪ್ರಾರ್ಥಿಸೋಣ" ಎಂದರು. ಎಂಟೂ ಜನ ಕಣ್ಣು ಮುಚ್ಚಿದರು. ನಾನು ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ.

ಆರನೆಯ ದಿನ, ಶುಕ್ರವಾರ, ತರಗತಿಯ ಬಾಗಿಲಿಗೆ ಒಬ್ಬ ಗಂಡಸು ಬಂದ. ಕುಂದಾ ವಿದ್ಯುತ್ ಯೋಜನೆಯಲ್ಲಿ ವೈರ್‌ಮನ್. ಹಿರಿಯರು ಗುಂಡ್ಲುಪೇಟೆ ಕಡೆಯಿಂದ ಆಲೂಗಡ್ಡೆ ಬೇಸಾಯಕ್ಕೆ ಬಂದು ಅಲ್ಲೇ ನಿಂತವರು. ಅವನನ್ನು ದೇವಪ್ರಸಾದ ಎಂದೂ ಅವನ ಹೆಂಡತಿಯನ್ನು ಜಯಶೀಲಿ ಎಂದೂ ಕರೆಯುತ್ತೇನೆ. ಇಬ್ಬರ ಹೆಸರನ್ನೂ ಬದಲಿಸಿದ್ದೇನೆ. ಇದನ್ನು ಬರೆಯಲು ಇಬ್ಬರೂ ಒಪ್ಪಿದ್ದಾರೆ.

"ಎಂಟು ಜನ ಪ್ರಾರ್ಥನೆ ಮಾಡೋರು ಒಂದೇ ಕಡೆ ಸೇರವ್ರೆ ಅಂದ್ರು. ಒಂದ್ಸಲ ಬಂದು ನಮ್ಮನೇಲಿ ಉಪವಾಸ ಪ್ರಾರ್ಥನೆ ಮಾಡ್ಬುಡಿ ಟೀಚರ್" ಎಂದು ಕೈ ಮುಗಿದ.

ಯಾಕೆಂದು ಕೇಳಿದೆ. ಹೇಳಿದ. ಹೆಂಡತಿಗೆ ಮೂರು ವರ್ಷದ ಹಿಂದೆ ಮನಸ್ಸಿನ ಕಾಯಿಲೆ ಬಂದಿತ್ತು. ಸರ್ಕಾರಿ ಆಸ್ಪತ್ರೆಯ ಮಾತ್ರೆಯಲ್ಲಿ ಎರಡು ವರ್ಷ ಚೆನ್ನಾಗಿದ್ದಳು. ಕಳೆದ ಮೇ ತಿಂಗಳ ಪ್ರಾರ್ಥನಾ ಕೂಟದಲ್ಲಿ ಮಾತ್ರೆಯ ಸೀಸೆಯನ್ನು ಎಲ್ಲರೆದುರು ಬಿಸಾಕಿ, ದೇವರು ನನ್ನನ್ನು ವಾಸಿ ಮಾಡಿದ ಎಂದು ಸಾಕ್ಷಿ ಹೇಳಿದಳು. ಈಗ ಮೂರು ವಾರದಿಂದ ನಿದ್ದೆಯಿಲ್ಲ, ಅನ್ನವಿಲ್ಲ. ಎರಡು ಸಲ ಅಣೆಕಟ್ಟಿನ ನೀರಿನ ಕಡೆಗೆ ಒಬ್ಬಳೇ ನಡೆದಿದ್ದಳು. ಎರಡು ಸಲವೂ ಕಾವಲಿನವನು ಕರೆತಂದಿದ್ದ.

ನಾನು ಸೀಮೆಸುಣ್ಣ ಕೆಳಗಿಟ್ಟೆ. "ನಿಮ್ಮ ಜೊತೆ ಈಗಲೇ ಬರುತ್ತೇನೆ. ಅವಳ ಪಕ್ಕದಲ್ಲಿ ಈಗ ಯಾರಿದ್ದಾರೆ?" ಎಂದೆ.

ಎಮರಾಲ್ಡ್ ದಾಟಿ

ಕುಂದಾಕ್ಕೆ ಹೋಗುವ ಎಮರಾಲ್ಡ್ ದಾರಿಯಲ್ಲಿ ಬೆಟ್ಟದ ಮೈಯೆಲ್ಲ ಕ್ಯಾರೆಟ್, ಬೀಟ್‌ರೂಟ್, ಎಲೆಕೋಸು. ಇಷ್ಟು ಇಳಿಜಾರಿನಲ್ಲಿ ನಮ್ಮ ಕಡೆಯವರು ಮೇಕೆಯನ್ನೂ ಕಟ್ಟುವುದಿಲ್ಲ. ಇನ್ನೊಂದು ದಿನವಾಗಿದ್ದರೆ ಬಸ್ಸು ನಿಲ್ಲಿಸಿ ನೋಡುತ್ತಿದ್ದೆ. ಕೆಳಗೆ ಜಲಾಶಯ ಕಂಡಾಗ ದೇವಪ್ರಸಾದ ಮುಖ ತಿರುಗಿಸಿದ. ನಾನೂ ಆ ಕಡೆ ನೋಡಲಿಲ್ಲ.

ಜೊತೆಗೆ ಲಿಲ್ಲಿ ಟೀಚರ್ ಬಂದಿದ್ದರು. ಎರಡು ಸ್ವೆಟರ್, ಒಂದು ಪ್ಲಾಸ್ಕು ಕಾಫಿ, ಎಣ್ಣೆಹಿಟ್ಟು ಕಟ್ಟಿಕೊಂಡು, "ನಿನ್ನ ಸೈಕಾಲಜಿಗೂ ಹಸಿವಾಗುತ್ತೆ" ಎಂದು ನನ್ನ ಕೈಗೆ ಒಂದು ತುರುಕಿದರು. ಎಣ್ಣೆಹಿಟ್ಟು ಎಂದರೆ ಸಿಹಿ ಹಾಕಿ ಎಣ್ಣೆಯಲ್ಲಿ ಕರಿದ ಮೈದಾ ರೊಟ್ಟಿ.

ಕುಂದಾ ಕಾಲೋನಿಯ ಕ್ವಾರ್ಟರ್ಸ್ ಒಂದರ ಒಳಕೋಣೆಯಲ್ಲಿ ಜಯಶೀಲಿ ಗೋಡೆಗೊರಗಿ ಕೂತಿದ್ದಳು. ಮೂವತ್ತೆರಡು ಮೂವತ್ತಮೂರರ ಹೆಂಗಸು. ಪಕ್ಕದ ಮನೆಯಾಕೆ ಜೊತೆಗಿದ್ದಳು. ನಾನು ಹತ್ತಿರ ಕೂತು, ಯಾರೆಂದು ಹೇಳಿ, ನಿದ್ದೆಯ ಬಗ್ಗೆ ಕೇಳಿದೆ, ಊಟದ ಬಗ್ಗೆ ಕೇಳಿದೆ. ನೀರಿನ ಬಗ್ಗೆಯೂ ನೇರವಾಗಿ ಕೇಳಿದೆ. ಇಂಥದ್ದನ್ನು ಸುತ್ತಿ ಬಳಸಿ ಕೇಳಬಾರದು.

"ಅಲ್ಲಿಗೋದ್ರೆ ನಿದ್ದೆ ಬತ್ತದೆ ಅನ್ಸತ್ತೆ ಅಕ್ಕ" ಎಂದಳು.

"ಆಸ್ಪತ್ರೆಗೆ ಹೋಗೋಣ. ಹಿಂದೆ ಮಾತ್ರೆಯಲ್ಲಿ ಚೆನ್ನಾಗಿದ್ದೆಯಲ್ಲ."

"ಆಗಕ್ಕಿಲ್ಲ. ನಾನು ಸಾಕ್ಷಿ ಹೇಳ್ಬುಟ್ಟಿವ್ನಿ. ಈಗ ಮಾತ್ರೆ ನುಂಗಿದ್ರೆ ದೇವ್ರನ್ನ ಸುಳ್ಳುಗಾರನ್ನ ಮಾಡ್ದಂಗೆ."

ನಾನು ಅಲ್ಲಿ ಎಡವಿದೆ. ಹದಿನೆಂಟು ವರ್ಷದ ಅನುಭವ ಇದ್ದವಳು, "ಹಾಗಾದರೆ ಆ ಸಾಕ್ಷಿಯೇ ತಪ್ಪು" ಎಂದುಬಿಟ್ಟೆ. ಜಯಶೀಲಿ ಗೋಡೆಯ ಕಡೆ ತಿರುಗಿದಳು. ಅವಳ ಬದುಕಿನಲ್ಲಿ ಇಡೀ ಊರು ಎದ್ದು ನಿಂತು ಕೇಳಿದ ಒಂದೇ ಒಂದು ಮಾತು ಅದು. ನಾನು ಅದನ್ನು ಒಂದೇ ಏಟಿಗೆ ಕಿತ್ತುಕೊಳ್ಳಲು ಹೋಗಿದ್ದೆ.

ಪಾಸ್ಟರ್ ಮನೆ ಎದುರು ಸಾಲಿನಲ್ಲೇ ಇತ್ತು. ಅವರು ತಮಿಳರು, ಇಲ್ಲಿಯವರ ಜೊತೆ ಬೆರೆತು ಕನ್ನಡ ಕಲಿತವರು. ಒಳ್ಳೆಯ ಮನುಷ್ಯ ಎಂದು ನೋಡಿದರೇ ತಿಳಿಯುತ್ತಿತ್ತು, ಅದರಿಂದ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

"ಮಾತ್ರೆ ಬಿಸಾಡು ಅಂತ ನಾ ಸೊಲ್ಲಿಲ್ಲ ಮೇಡಂ. ಅವಳೇ ಬಿಸಾಡಿದಳು, ಅವಳೇ ಸಾಕ್ಷಿ ಸೊಲ್ಲಿದಳು. ಅದು ಕೇಳಿ ಮೂರು ಕುಟುಂಬ ಸಭೆಗೆ ವಂದರು. ಈಗ ನಾ ಏನು ಮಾಡಲಿ?"

"ಎತ್ತಿಕೊಂಡು ನುಂಗು ಅಂತಲೂ ನೀವು ಹೇಳಲಿಲ್ಲ."

"ಅದು ಆಮಾ, ನಿಜವೇ" ಎಂದು ತಲೆ ತಗ್ಗಿಸಿದರು. ಆದರೂ ವಾದ ನಿಲ್ಲಲಿಲ್ಲ. ನಾನು ವೈದ್ಯಶಾಸ್ತ್ರ ಎಂದರೆ ಅವರು ವಿಶ್ವಾಸ ಎನ್ನುತ್ತಿದ್ದರು, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಗಂಟೆ ಕಳೆಯಿತು. ಕೊನೆಗೆ ನಾನು ಒಂದು ಗಡುವು ಹಾಕಿದೆ. ಜಯಶೀಲಿಯನ್ನು ಒಂದು ಕ್ಷಣವೂ ಒಂಟಿ ಬಿಡುವುದಿಲ್ಲ, ಬಾಗಿಲಿನ ಚಿಲಕ ತೆಗೆಸುತ್ತೇನೆ, ರಾತ್ರಿ ಸರದಿಯಲ್ಲಿ ಎಚ್ಚರವಿರುತ್ತೇವೆ. ಹಿಂದೆ ಮೊದಲ ಸಲ ಅವಳನ್ನು ಜೀಪಿನಲ್ಲಿ ಕಟ್ಟಿಹಾಕಿ ಆಸ್ಪತ್ರೆಗೆ ಕರೆದೊಯ್ದಿದ್ದರಂತೆ, ಆ ಹೆದರಿಕೆ ಇನ್ನೂ ಇದೆ, ಹಾಗಾಗಿ ಅವಳಾಗಿ ಒಪ್ಪಲಿ ಎಂದು ಎರಡು ದಿನ ಪ್ರಯತ್ನಿಸುತ್ತೇನೆ. ಅವಳ ಸ್ಥಿತಿ ಸ್ವಲ್ಪ ಬಿಗಡಾಯಿಸಿದರೂ ಆ ಗಳಿಗೆಯೇ, ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆ, ಅವಳು ಒಪ್ಪಿದರೂ ಒಪ್ಪದಿದ್ದರೂ ಆಸ್ಪತ್ರೆ. ದೇವಪ್ರಸಾದ ಒಪ್ಪಿದ. ಯೋಜನೆಯ ಜೀಪಿನ ಡ್ರೈವರನಿಗೆ ಅಂದೇ ಹೇಳಿಟ್ಟ.

ಕುಂದಾ, ಶನಿವಾರ

ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ನನ್ನ ಮಾತ್ರೆ ನುಂಗುತ್ತಿದ್ದೆ. ಹಿಂದೆ ಸದ್ದಾಯಿತು. ಜಯಶೀಲಿ ಬಾಗಿಲಲ್ಲಿ ನಿಂತಿದ್ದಳು, ಅವಳ ಹಿಂದೆ ಟೀಚರ್.

"ಏನಕ್ಕ ಅದು?"

"ಬಿ.ಪಿ.ಗೆ" ಎಂದೆ.

ಸುಳ್ಳು. ನಾಲ್ಕು ವರ್ಷದ ಹಿಂದೆ ನನ್ನ ಗಂಡ ತೀರಿಕೊಂಡ ಮೇಲೆ ನನಗೂ ನಿದ್ದೆ ಹೋಗಿತ್ತು, ಅನ್ನ ಹೋಗಿತ್ತು, ಬದುಕುವ ಮನಸ್ಸೂ ಹೋಗಿತ್ತು. ಅಂದಿನಿಂದ ನಾನು ನುಂಗುತ್ತಿದ್ದ ಮಾತ್ರೆ ಜಯಶೀಲಿ ಬಿಸಾಕಿದ ಜಾತಿಯದೇ. ನಮ್ಮ ವೈದ್ಯರೊಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ, ಸಭೆಯವರಿಗಂತೂ ಇಲ್ಲವೇ ಇಲ್ಲ. ಮಾತ್ರೆಗಳನ್ನು ಏಲಕ್ಕಿ ಡಬ್ಬಿಯಲ್ಲಿಟ್ಟು, ಗೋಡೆಗೆ ಮುಖ ಮಾಡಿ ನುಂಗುತ್ತಿದ್ದೆ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ ಎಂದು ಗಾದೆ ಕಟ್ಟಿದವರು ನನ್ನಂಥವಳನ್ನೇ ನೋಡಿ ಕಟ್ಟಿರಬೇಕು. ನನಗೆ ನಾಚಿಕೆಯಾಯಿತು. ಸುಳ್ಳು ಹೇಳಿದ್ದಕ್ಕಿಂತ, ಅದು ಅಷ್ಟು ಸಲೀಸಾಗಿ ಬಾಯಿಗೆ ಬಂದದ್ದಕ್ಕೆ.

ಹಗಲೆಲ್ಲ ಅವಳ ಪಕ್ಕದಲ್ಲಿ ಕೂತೆ. ಮಧ್ಯಾಹ್ನ, ನನ್ನ ಕೆಲಸದ ಜೀವನದಲ್ಲೇ ಮೊದಲ ಬಾರಿಗೆ, ಎದುರಿಗಿದ್ದವರನ್ನು ಕೇಳಿದೆ: "ನಾನು ನಿನಗಾಗಿ ಪ್ರಾರ್ಥನೆ ಮಾಡಲಾ?"

"ಬ್ಯಾಡ. ಎಲ್ಲಾರೂ ಮಾಡವ್ರೆ."

"ಸರಿ. ನೀನು ಮಾಡುತ್ತೀಯಾ?"

"ಬಾಯೇ ಬರಲ್ಲ ಅಕ್ಕ."

"ಬಾಯಿ ಬರುತ್ತಿಲ್ಲ ಅನ್ನೋದನ್ನೇ ಹೇಳಿದರಾಯಿತು. ಅಥವಾ ಸುಮ್ಮನೆ ಕೂರೋಣ."

ಸುಮ್ಮನೆ ಕೂತೆವು. ಲಿಲ್ಲಿ ಟೀಚರ್‌ಗೆ ಸುಮ್ಮನಿರುವುದು ಎಷ್ಟು ಕಷ್ಟ ಎಂದು ಅಂದು ನೋಡಿದೆ. ತುಟಿ ಅಲುಗುತ್ತಿತ್ತು, ಪಾಪ, ಸೆರಗಿನಲ್ಲಿ ಮುಚ್ಚಿಕೊಂಡರು. ಎಷ್ಟೋ ಹೊತ್ತಾದ ಮೇಲೆ ಜಯಶೀಲಿ ಸೂರಿನ ಕಡೆ ನೋಡಿ, "ಸ್ವಾಮಿ, ನಂಗೆ ಸಾಕಾಗದೆ" ಎಂದಳು. ಆಮೇಲೆ ಅತ್ತಳು. ಮೂರು ವಾರದಲ್ಲಿ ಅತ್ತಿರಲಿಲ್ಲವಂತೆ. ಅತ್ತಾದ ಮೇಲೆ ನಾಲ್ಕು ತುತ್ತು ಗಂಜಿ ಕುಡಿದಳು.

"ಇದನ್ನೇ ಕೂಟದಲ್ಲಿ ಹೇಳಬಹುದಲ್ಲ?" ಎಂದು ಕೇಳಿದೆ.

"ಅಲ್ಲಿ ಇದ ಹೇಳಂಗಿಲ್ಲ. ಅಲ್ಲಿ ವಾಸಿಯಾದದ್ದ ಮಾತ್ರ ಹೇಳೋದು."

ಅದು ನಿಜ. ನಮ್ಮ ಮೈಸೂರಿನ ಸಭೆಯಲ್ಲೂ ನಾನು ಕೇಳಿದ ಸಾಕ್ಷಿಗಳೆಲ್ಲ ಮುಗಿದ ಕಷ್ಟದ್ದು. ಪರೀಕ್ಷೆ ಪಾಸಾಯಿತು, ಕೆಲಸ ಸಿಕ್ಕಿತು, ಗಡ್ಡೆ ಕರಗಿತು. ಇನ್ನೂ ಕಷ್ಟದಲ್ಲಿದ್ದೇನೆ ಎಂದು ಸಾಕ್ಷಿ ಹೇಳಿದವರನ್ನು ನಾನು ಕಂಡಿರಲಿಲ್ಲ. ಒಮ್ಮೆ ವಾಸಿಯಾದೆ ಎಂದವರಿಗೆ ಮತ್ತೆ ಕಾಯಿಲೆ ಬೀಳುವ ಹಕ್ಕನ್ನು ನಾವೇ ಉಳಿಸಿರಲಿಲ್ಲ. ದೇವರು ಹೀಗೆ ಮಾಡು ಎಂದು ಎಲ್ಲೂ ಹೇಳಿರಲಿಲ್ಲ, ಅದು ನಾವು ಮಾಡಿಕೊಂಡ ಪದ್ಧತಿ.

ದೀಪ ಹಚ್ಚುವ ಹೊತ್ತಿಗೆ ನಾನು ಗಟ್ಟಿ ಮನಸ್ಸು ಮಾಡಿ ಹೇಳಿದೆ. "ಜಯಶೀಲಿ, ಬೆಳಿಗ್ಗೆ ನಾನು ಸುಳ್ಳು ಹೇಳಿದೆ. ಅದು ಬಿ.ಪಿ. ಮಾತ್ರೆಯಲ್ಲ. ನಿನ್ನ ಮಾತ್ರೆಯಂಥದ್ದೇ. ನಾಲ್ಕು ವರ್ಷದಿಂದ ನುಂಗುತ್ತಿದ್ದೇನೆ."

ಅವಳು ಮೊದಲ ಬಾರಿಗೆ ನನ್ನ ಮುಖವನ್ನು ಸರಿಯಾಗಿ ನೋಡಿದಳು. "ನೀವೂನಾ?"

"ನಾನೂ."

"ನಿಮ್ಮ ಸಭೇಲಿ ಹೇಳಿದ್ದೀರಾ?"

"ಇಲ್ಲ."

"ಮತ್ತೆ ನಂಗೆ ಹೇಳು ಅಂತೀರಲ್ಲಕ್ಕ."

ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ಸರಿಯಾಗಿ ಹಿಡಿದಿರಲಿಲ್ಲ. "ನಾಳೆ ಹೇಳುತ್ತೇನೆ" ಎಂದೆ.

"ಎಲ್ಲಿ?"

"ಇಲ್ಲೇ. ನಿಮ್ಮ ಸಭೆಯಲ್ಲೇ. ನೀನೇನೂ ಹೇಳಬೇಕಾಗಿಲ್ಲ. ಬಂದು ಕೂತರೆ ಸಾಕು, ಬರದಿದ್ದರೂ ನಾನು ಹೇಳುತ್ತೇನೆ."

ಟೀಚರ್ ನನ್ನ ಕೈಯನ್ನು ಒಮ್ಮೆ ಬಲವಾಗಿ ಒತ್ತಿದರು.

ಕುಂದಾ, ಭಾನುವಾರ

ತಗಡಿನ ಸೂರಿನ ಚಿಕ್ಕ ಪ್ರಾರ್ಥನಾ ಮಂದಿರ. ಹಾಡು ತಮಿಳಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ. ಗಂಡಸರು ಮಫ್ಲರ್ ಸುತ್ತಿಕೊಂಡು ಒಂದು ಕಡೆ, ಹೆಂಗಸರು ಸ್ವೆಟರಿನ ಮೇಲೆ ಸೀರೆ ಸೆರಗು ಎಳೆದುಕೊಂಡು ಇನ್ನೊಂದು ಕಡೆ. ಐವತ್ತು ಜನ ಇದ್ದಿರಬಹುದು. ಜಯಶೀಲಿ ಬಂದಿದ್ದಳು. ಕೊನೆಯ ಚಾಪೆಯಲ್ಲಿ ಟೀಚರ್‌ಗೆ ಒರಗಿ ಕೂತಿದ್ದಳು. ಜನ ತಿರುಗಿ ನೋಡಿ, ನಕ್ಕು, ಮತ್ತೆ ಮುಂದಕ್ಕೆ ತಿರುಗುತ್ತಿದ್ದರು. ಅವರ ಪಾಲಿಗೆ ಅವಳು ವಾಸಿಯಾದವಳು.

ಆ ಸಭೆಯ ಪದ್ಧತಿ ಹೀಗೆ: ಹಾಡಾದ ಮೇಲೆ ಸಾಕ್ಷಿಯ ಹೊತ್ತು. ಇದ್ದವರು ಎದ್ದು ಹೇಳುತ್ತಾರೆ, ಹೇಳಿ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ "ಸ್ತೋತ್ರ" ಎನ್ನುತ್ತಾರೆ. ಒಬ್ಬರ ಮಗನಿಗೆ ಕೊಯಮತ್ತೂರಿನಲ್ಲಿ ಸೀಟು ಸಿಕ್ಕಿತ್ತು. ಸ್ತೋತ್ರ. ಇನ್ನೊಬ್ಬರ ಹಸು ಕಾಡಿನಿಂದ ತಾನಾಗಿ ಮನೆಗೆ ಬಂದಿತ್ತು. ಸ್ತೋತ್ರ. ನಾನು ಎದ್ದೆ. ಪಾಸ್ಟರ್ ಮುಖ ಬಿಳುಚಿತು. ಅವರ ಹುಳುಕು ಎತ್ತಲು ನಿಂತಿದ್ದೇನೆ ಎಂದುಕೊಂಡಿರಬೇಕು.

"ನಾನು ಮೈಸೂರಿನವಳು, ಮನಸ್ಸಿನ ಕಷ್ಟ ಕೇಳುವ ಕೆಲಸ ಮಾಡುವವಳು" ಎಂದೆ. "ಗಂಡ ಹೋದ ಮೇಲೆ ನನಗೇ ಮನಸ್ಸಿನ ಕಾಯಿಲೆ ಬಂತು. ಪ್ರಾರ್ಥನೆ ಮಾಡಿದೆ, ಹೋಗಲಿಲ್ಲ. ಡಾಕ್ಟರು ಮಾತ್ರೆ ಕೊಟ್ಟರು. ನಾಲ್ಕು ವರ್ಷದಿಂದ ನುಂಗುತ್ತಿದ್ದೇನೆ, ಇವತ್ತು ಬೆಳಿಗ್ಗೆಯೂ ನುಂಗಿ ಬಂದಿದ್ದೇನೆ. ನಡುವೆ ಒಮ್ಮೆ ವಾಸಿಯಾದೆ ಎಂದು ಕೆಲವು ದಿನ ಬಿಟ್ಟೆ, ಮತ್ತೆ ಬಂತು. ದೇವರು ನನ್ನ ಕೈಬಿಟ್ಟ ಅಂತ ನನಗೆ ಅನ್ನಿಸಿಲ್ಲ. ಆದರೆ ನಿಮ್ಮಂಥವರ ಎದುರು ಹೇಳಲು ಹೆದರಿ ಇಷ್ಟು ವರ್ಷ ಮುಚ್ಚಿಟ್ಟೆ. ನಾನು ವಾಸಿಯಾಗಿಲ್ಲ. ಬದುಕಿದ್ದೇನೆ. ಇದು ನನ್ನ ಸಾಕ್ಷಿ."

ಯಾರೂ ಸ್ತೋತ್ರ ಎನ್ನಲಿಲ್ಲ. ತಗಡಿನ ಮೇಲೆ ಮರದ ಕೊಂಬೆ ಉಜ್ಜುವುದು ಕೇಳುತ್ತಿತ್ತು. ನಾನು ನಿಂತೇ ಇದ್ದೆ, ಕೂರಲು ಮರೆತುಹೋಗಿತ್ತು. ಇವಳು ಪರವೂರಿನವಳು, ಬಸ್ಸು ಹತ್ತಿ ಹೋಗುತ್ತಾಳೆ, ಇವಳಿಗೇನು ಎಂದು ಅವರು ಅಂದುಕೊಂಡರೆ ಎಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ ಎಂದು ಭಯವಾಯಿತು.

ಹಿಂದಿನಿಂದ ಲಿಲ್ಲಿ ಟೀಚರ್ ಎದ್ದರು. ಅವರನ್ನು ಆ ಬೆಟ್ಟದಲ್ಲಿ ಅರಿಯದವರಿಲ್ಲ. "ನನಗೆ ಸಕ್ಕರೆ ಕಾಯಿಲೆ. ಹನ್ನೊಂದು ವರ್ಷ" ಎಂದು ಪಾಠ ಒಪ್ಪಿಸುವ ದನಿಯಲ್ಲಿ ಹೇಳಿ ಕೂತರು. ಯಾರೋ ಕಿಸಕ್ಕೆಂದರು. ಗಂಡಸರ ಕಡೆಯಿಂದ ಕ್ಯಾರೆಟ್ ಬೆಳೆಯುವ ಮುದುಕರೊಬ್ಬರು ಮಫ್ಲರ್ ಬಿಚ್ಚಿ ಎದ್ದು, "ನಂಗೆ ಫಿಟ್ಸ್ ಬತ್ತದೆ. ನಲವತ್ತು ವರ್ಸಾಯ್ತು. ಮಾತ್ರೆ ನುಂಗ್ತಿವ್ನಿ. ಯಾರ್ಗೂ ಹೇಳಿರ್ಲಿಲ್ಲ" ಎಂದರು. ಅವರ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆಮೇಲೆ ಜಯಶೀಲಿ ಎದ್ದಳು. ಗೋಡೆ ಹಿಡಿದುಕೊಂಡು ಎದ್ದಳು. ಮೇ ತಿಂಗಳಲ್ಲಿ ಅವಳ ಮಾತು ಕೇಳಿ ಕುಣಿದಾಡಿದ ಅಷ್ಟೂ ಜನ ತಿರುಗಿ ನೋಡಿದರು.

"ನಾನು ವಾಸಿಯಾಯ್ತು ಅಂದಿದ್ದೆ. ಅವತ್ತು ವಾಸಿಯಾಗಿತ್ತು. ಸುಳ್ಳಲ್ಲ" ಎಂದಳು. ಉಸಿರೆಳೆದುಕೊಂಡಳು. "ಮತ್ತೆ ಬಂದದೆ."

ಅಷ್ಟೇ. ಕೂರಲಿಲ್ಲ. ಆಗ ಗಂಡಸರ ಸಾಲಿನಿಂದ ದೇವಪ್ರಸಾದನ ದನಿ, ಒಡೆದ ದನಿ, ಒಂಟಿಯಾಗಿ ಕೇಳಿತು: "ಸ್ತೋತ್ರ."

ಒಬ್ಬೊಬ್ಬರೇ ಸೇರಿಕೊಂಡರು. ಕೊನೆಗೆ ಸೂರು ಹಾರುವಂತೆ ಸೇರಿಕೊಂಡರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಹದಿನೆಂಟು ವರ್ಷ ಎದುರಿಗಿದ್ದವರ ಮುಂದೆ ಅಳಬಾರದೆಂದು ಪಾಠ ಮಾಡಿದವಳು ನಾನೇ.

ಉದಕಮಂಡಲ, ಸೋಮವಾರ

ಜೀಪು ಬೇಡ, ಬಸ್ಸಿನಲ್ಲಿ ಹೋಗೋಣ ಎಂದದ್ದು ಜಯಶೀಲಿಯೇ. ಮೊದಲ ಬಸ್ಸಿಗೆ ಹೊರಟೆವು. ಪಾಸ್ಟರ್ ತಾವಾಗಿ ಬಂದು ಹತ್ತಿದರು, ಮಂಕಿ ಟೋಪಿ ಹಾಕಿಕೊಂಡು, ರಾತ್ರಿಯೆಲ್ಲ ನಿದ್ದೆಯಿಲ್ಲದ ಕಣ್ಣಿನಲ್ಲಿ. ದಾರಿಯಲ್ಲಿ ನನ್ನ ಪಕ್ಕಕ್ಕೆ ಬಂದು, "ಮೇಡಂ, ನಿಮ್ಮ ತರಗತಿಯಲ್ಲಿ ಗಂಡಸರು ಸೇರಬಹುದಾ?" ಎಂದು ಕೇಳಿದರು. ಮೊದಲ ಪಾಠ ಬೋರ್ಡಿನ ಮೇಲೆ ಇನ್ನೂ ಇದೆ, ಬಂದು ಓದಿಕೊಳ್ಳಿ ಎಂದೆ. ಅದರ ಕೆಳಗೆ ಎರಡನೆಯ ಸಾಲನ್ನು ನಾನೇ ಬರೆಯಬೇಕಾಗಿತ್ತು: ಕೇಳಿದ ಮೇಲೆ, ಬೇಕೆಂದರೆ, ಪ್ರಾರ್ಥಿಸಲು ಹೆದರಬಾರದು. ಉಳಿದ ದಿನಗಳೆಲ್ಲ ಆ ಎರಡು ಸಾಲಿಗೇ ಹೋದವು.

ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯ ಮುಂದೆ ಉದ್ದ ಸಾಲು. ಎಸ್ಟೇಟಿನವರು, ಕಂಬಳಿ ಹೊದ್ದ ಮುದುಕಿಯರು, ಕೆಮ್ಮುವ ಮಕ್ಕಳು. ಅರ್ಧ ಸಾಲು ಕುಂದಾ ಕಡೆಯವರೇ, ಎಲ್ಲರಿಗೂ ಎಲ್ಲರೂ ಗೊತ್ತು. ಜಯಶೀಲಿ ತಲೆ ತಗ್ಗಿಸಿ ಗಂಡನ ತೋಳು ಹಿಡಿದು ನಿಂತಿದ್ದಳು. ಸರದಿ ಬಂತು. ಒಳಗಿದ್ದ ಗುಮಾಸ್ತೆ ತಲೆಯೆತ್ತದೆ ತಮಿಳಿನಲ್ಲಿ ಹೆಸರು ಕೇಳಿದ, ಏನು ಕಾಯಿಲೆ ಎಂದು ಕೇಳಿದ.

ದೇವಪ್ರಸಾದ ನನ್ನ ಕಡೆ ನೋಡಿದ. ನಾನು ಪಾಸ್ಟರ್ ಕಡೆ ನೋಡಿದೆ. ಪಾಸ್ಟರ್ ಕಿಟಕಿಗೆ ಬಗ್ಗಿ, ಧ್ವನಿ ತಗ್ಗಿಸಿ, ಗೌರವಸ್ಥ ಮಾತೊಂದನ್ನು ಹುಡುಕುತ್ತಾ, "ಅದು ಬಂದು..." ಎಂದು ಶುರು ಮಾಡಿದರು.

ಜಯಶೀಲಿ ಗಂಡನ ತೋಳು ಬಿಟ್ಟು ಮುಂದೆ ಬಂದಳು.

"ಇರಿ ಅಯ್ಯ" ಎಂದಳು. "ನಾನೇ ಹೇಳ್ತಿನಿ."